ಹಿಂದುಮುಂದು

ಗೋವನ್‌ನ ಹಡಗುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ
ಬೆರಳು ದಪ್ಪದ ಉಕ್ಕಿನ ಹಾಳೆಗಳನ್ನು
ಕಡಲು ಬಿಡಿಸಲಾಗದ ಹಾಗೆ ಬೆಸೆದವಳು ನಾನು.
ಇವತ್ತು ಶನಿವಾರ, ಅಡುಗೆಮನೆಯ ಮೇಜಿನ ಮುಂದೆ
ಅಕ್ಕಿಕಾಳಿನಷ್ಟಿರುವ ರೆಸಿಸ್ಟರಿನ ಕಾಲು
ಕೈಗೆ ಸಿಗುತ್ತಿಲ್ಲ.
ಆನೆ ದಾಟಿತು, ಬಾಲ ಸಿಕ್ಕಿಕೊಂಡಿದೆ.

ಏಳು ಪ್ಲಾಸ್ಟಿಕ್ ಪೊಟ್ಟಣ,
ತೂತು ಕೊರೆದ ಅಲ್ಯೂಮಿನಿಯಂ ಡಬ್ಬಿ,
ಎರಡು ಹಾಳೆ ಸೂಚನೆ. ಮೊದಲ ಸಾಲು:
'ಹೊಸಬರಿಗೂ ಸುಲಭ, ಎರಡು ಗಂಟೆ ಸಾಕು.'
ಬರೆದವನಿಗೆ ಕನ್ನಡಕ ಬಂದಿರಲಿಕ್ಕಿಲ್ಲ.

ಕಂದು, ಕಪ್ಪು, ಕಿತ್ತಳೆ: ಹತ್ತು ಸಾವಿರ.
ಕಂದು, ಕಪ್ಪು, ಕೆಂಪು: ಒಂದೇ ಸಾವಿರ.
ನಮ್ಮನೆ ಬಲ್ಬಿನಡಿ ಕೆಂಪೂ ಕಿತ್ತಳೆಯೂ
ಒಂದೇ ಬಟ್ಟೆ ತೊಟ್ಟ ಅಕ್ಕತಂಗಿಯರು.
ಕಿಟಕಿಗೆ ಒಯ್ದೆ. ಕ್ಲೈಡ್ ನದಿಯ ಮೇಲೆ
ನಾಲ್ಕು ಗಂಟೆಗೇ ಬೂದಿ ಮುಚ್ಚಿತ್ತು.

ನನ್ನ ಕೈಕೆಳಗೆ ಪಳಗುತ್ತಿರುವ ರೋರಿ,
ಹತ್ತೊಂಬತ್ತರ ಹುಡುಗ, ಇಂಥವು ಆರು ಕಟ್ಟಿದ್ದಾನಂತೆ.
ಫೋನಿನಲ್ಲಿ ಹೇಳುತ್ತಾನೆ:
"ತವರವನ್ನು ಕಾಯಿಸಬೇಡ ಸೆಂಗಾ, ಕಾಲನ್ನು ಕಾಯಿಸು.
ತವರ ತಾನಾಗಿ ಓಡಿ ಬರುತ್ತದೆ.
ಅವಸರ ಮಾಡಬೇಡ."
ಹೋದ ವರ್ಷ ಅವನಿಗೆ ನಾನು ಗದರಿದ್ದ ಮಾತು
ಬಡ್ಡಿ ಸಮೇತ ವಾಪಸು.

ರಾಳದ ಹೊಗೆ. ಗರಗಸಕ್ಕೆ ಸಿಕ್ಕ ಪೈನ್ ಮರದ ವಾಸನೆ.
ಅಲ್ಲಿ ಇಡೀ ತೋಳು, ಭುಜ, ಸೊಂಟ ದುಡಿಯುತ್ತವೆ.
ಇಲ್ಲಿ ಉಸಿರೊಂದು ಜಾಸ್ತಿ ಬಿಟ್ಟರೂ ಬಿಂದು ಜಾರುತ್ತದೆ.

ಗಿಟಾರು ಕೊಂಡದ್ದು ಐವತ್ತಕ್ಕೆ.
ಮೂರು ಕಾರ್ಡು ಬರುತ್ತವೆ, ನಾಲ್ಕನೆಯದು ಬರುವ ಹಾಗೆ ನಟಿಸುತ್ತದೆ.
ತಿಳಿನೀರಿನಂಥ ನಾದ ನನಗೆ ಒಗ್ಗಲಿಲ್ಲ.
ಉಕ್ಕು ಉಜ್ಜುವ ಚಕ್ರದ ಜೊತೆ ಬೆಳೆದ ಕಿವಿ ಇದು,
ಸ್ವಲ್ಪ ಗರಗರ ಬೇಕು, ಅಂಚು ಹರಿದಿರಬೇಕು.
ಅದಕ್ಕೇ ಈ ಪೆಡಲು.

ಹನ್ನೊಂದೂವರೆ. ಬ್ಯಾಟರಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ, ಚುರುಕ್ಕೆಂದಿತು.
ಸಿಕ್ಕಿಸಿದೆ. ಕಾಲಿನಿಂದ ಒತ್ತಿದೆ.
ಟಕ್.
ಅಷ್ಟೇ.
ದೀಪವೂ ಇಲ್ಲ, ದನಿಯೂ ಇಲ್ಲ.

ಮತ್ತೆ ಮೊದಲಿನಿಂದ, ಬೆರಳಿಟ್ಟು, ಸಾಲು ಸಾಲು.
ಡಯೋಡು. ಅದರ ಪಟ್ಟೆ ಎಡಕ್ಕಿರಬೇಕಿತ್ತು.
ನಾನು ಬಲಕ್ಕೆ ಕೂರಿಸಿದ್ದೆ.

ಅಜ್ಜಿಯ ಹೆಸರು ಆಗ್ನೆಸ್.
ಮಗುವಿಗೆ ಅದೇ ಇಡೋಣವೆಂದ ಅಪ್ಪ, ಸುತರಾಂ ಬೇಡವೆಂದಳು ಅಮ್ಮ.
ಕೊನೆಗೆ ನಮ್ಮ ಲಿಪಿಯ ಆ ಐದು ಅಕ್ಷರಗಳನ್ನು
ಬಾಲದಿಂದ ತಲೆಗೆ ಓದಿ ಸೆಂಗಾ ಎಂದರು.
ಹಿಂದುಮುಂದಾಗಿ ಕೂರಿಸಿದರೂ
ಐವತ್ತೆರಡು ವರ್ಷ ನಾನು ಹರಿದಿದ್ದೇನೆ, ಕೆಟ್ಟಿಲ್ಲ.
ಡಯೋಡಿಗೆ ಆ ಧಾರಾಳ ಇಲ್ಲ.

ಕೀಳುವಾಗ ತಾಮ್ರದ ಬಳೆಯೇ ಎದ್ದು ಬಂತು.
ಹಡಗಿನಲ್ಲಿ ಆಡಬಾರದ ಮಾತೊಂದನ್ನು ಆಡಿದೆ.
ಆಮೇಲೆ ಕತ್ತರಿಸಿ ಎಸೆದ ಕಾಲುಗಳ ರಾಶಿಯಲ್ಲಿ
ಉದ್ದದ್ದೊಂದನ್ನು ಹುಡುಕಿ, ಬಾಗಿಸಿ, ಸೇತುವೆ ಕಟ್ಟಿದೆ.
ಅಂದವಿಲ್ಲ. ಕಟ್ಟೆಯಲ್ಲಾಗಿದ್ದರೆ ತಪಾಸಣೆಯವರು
ಸೀಮೆಸುಣ್ಣದಲ್ಲಿ ಗೀಟೆಳೆದು
'ಕಿತ್ತು ಮತ್ತೆ ಮಾಡು' ಎನ್ನುತ್ತಿದ್ದರು.

ಟಕ್.
ನೀಲಿ ದೀಪ.
ಒಂದು ತಂತಿ ಮೀಟಿದೆ:
ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ
ಅಡುಗೆಮನೆ ಪೂರಾ ಎದ್ದಿತು. ಚಮಚೆಗಳು ನಡುಗಿದವು.
ಕೆಳಮನೆಯ ಮಿಸೆಸ್ ಪೊಲಕ್
ಪೊರಕೆ ಹಿಡಿಯಲ್ಲಿ ತಾರಸಿ ಕುಟ್ಟಿದಳು,
ತಾಳ ತಪ್ಪದೆ, ನಾಲ್ಕು ಸಲ.

ರೋರಿಗೆ ಹೇಳಬೇಕು. ಈಗ ಬೇಡ.
ಡಬ್ಬಿಯ ಮೂಲೆಗಳಿಗೆ ತಿರುಪು ಬಿಗಿದು
ಮೇಜು ಒರೆಸುವಾಗ
ರೊಟ್ಟಿಯ ಚೂರಿನ ನಡುವೆ ಒಂದು ರೆಸಿಸ್ಟರು.
ಒಂದೂ ಉಳಿಯಬಾರದೆಂದು ಹಾಳೆಯಲ್ಲಿ ಬರೆದಿದೆ.
ಕಂದು, ಕಪ್ಪು, ಮತ್ತೆ
ಕೆಂಪೋ, ಕಿತ್ತಳೆಯೋ.
ಬೆಳಗಾಗಲಿ.